ಅನಾಥರ ಹಟ್ಟಿಗೆ ಬಂದ ಹಸು

1994ರಲ್ಲಿ ರುವಾಂಡಾ ದೇಶದಲ್ಲಿ ಸುಮಾರು ನೂರು ದಿನಗಳ ಪರ್ಯಂತ ನಡೆದ ನರಮೇಧವು ಅಡಗಿದಾಗ, ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು, ಇನ್ನೂ ಪ್ರಾಯಕ್ಕೆ ಬಾರದ ಅಕ್ಕನೋ ಅಣ್ಣನೋ ಮನೆಯ ಯಜಮಾನಿಕೆಯನ್ನು ಹೊತ್ತು ತಮ್ಮತಂಗಿಯರನ್ನು ಸಾಕಬೇಕಾದ ಸಂಸಾರಗಳು ಅಲ್ಲಿನ ಗುಡ್ಡದ ಹಳ್ಳಿಗಳಲ್ಲಿ ಎಷ್ಟೋ ಉಳಿದವು. ಇಂಥವರಿಗೆ ಹಂಚಿದ ಧಾನ್ಯವು ಕೆಲವು ದಿನಗಳಲ್ಲಿ ತೀರುತ್ತದೆ. ಹಸುವಾದರೋ ಕರೆವಷ್ಟು ಕಾಲ ಹಾಲನ್ನೂ, ವರ್ಷವೆಲ್ಲ ಬಾಳೆಯ ತೋಟಕ್ಕೆ ಗೊಬ್ಬರವನ್ನೂ ಕೊಡುತ್ತದೆ.

2006ರಲ್ಲಿ ಅಧ್ಯಕ್ಷ ಪಾಲ್ ಕಗಾಮೆಯವರು ಬಡ ಸಂಸಾರಕ್ಕೊಂದು ಹಸುವೆಂದು ಆರಂಭಿಸಿದ ಯೋಜನೆಗೆ ‘ಗಿರಿಂಕಾ’ ಎಂದು ಹೆಸರು. ‘ನಿನಗೊಂದು ಹಸುವುಂಟಾಗಲಿ’ ಎಂಬುದು ಅದರ ಅರ್ಥ. ಹಸುವನ್ನು ಪಡೆದವರು ಅದು ಈಯುವ ಮೊದಲ ಹೆಣ್ಣುಕರುವನ್ನು ನೆರೆಯ ಬಡವರಿಗೆ ಕೊಡತಕ್ಕದ್ದೆಂಬ ನಿಯಮವೇ ಇದರ ಜೀವಾಳ. 1944ರಲ್ಲಿ ಪೋರ್ಟೊರಿಕೊ ದ್ವೀಪಕ್ಕೆ ಕಡಸುಗಳನ್ನು ಕಳುಹಿಸಿದ ಅಮೆರಿಕದ ಡ್ಯಾನ್ ವೆಸ್ಟ್ ಅವರ ಸಂಸ್ಥೆಯೂ ಇದೇ ಕ್ರಮವನ್ನು ಹಿಡಿದಿತ್ತು. ಕೈಯೊಡ್ಡಿದವನು ತಾನೇ ಕೊಡುವವನಾಗುವ ಈ ಗೌರವವು, ನನ್ನೆಣಿಕೆಯಲ್ಲಿ, ಹಾಲಿಗಿಂತಲೂ ದೊಡ್ಡದು. ತಬ್ಬಲಿಯೆಂದು ಊರಿನ ಅನುಕಂಪಕ್ಕೆ ಪಾತ್ರನಾದ ಹುಡುಗನಿಗಂತೂ ಅದು ಎರಡನೆಯ ಜನ್ಮವೇ ಸರಿ.

ಆದರೆ ಹಸುವು ಮೇವನ್ನೂ ನೀರನ್ನೂ ಧಾರಾಳವಾಗಿ ಬೇಡುವ ಪ್ರಾಣಿ. ಹುಲ್ಲು ಬೆಳೆಯಲು ಅಂಗೈಯಗಲ ನೆಲವಿಲ್ಲದ ಮಕ್ಕಳಿಗೆ ಗಬ್ಬವಾದ ಐದೇ ತಿಂಗಳಲ್ಲಿ ಈಯುವ ಆಡೇ ಲೇಸು. ಮೇಯಿಸುವ ನೆಪದಲ್ಲಿ ಶಾಲೆ ತಪ್ಪಿದರಂತೂ ದಾನವೇ ದಂಡವಾಯಿತು.

2018ರಲ್ಲಿ ಭಾರತದ ಪ್ರಧಾನಿಯವರು ರುವಾಂಡಾದ ರ್ವೇರು ಗ್ರಾಮಕ್ಕೆ ಇದೇ ಗಿರಿಂಕಾ ಯೋಜನೆಯಡಿ 200 ಹಸುಗಳನ್ನು ಕೊಟ್ಟರು. ಅವನ್ನು ಕೊಂಡದ್ದು ರುವಾಂಡಾದಲ್ಲಿಯೇ.