ವೃಷಣ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ನಂತರದ ಕೀಮೋಥೆರಪಿ ಹಾಗೂ ಸರ್ಕಾರದ ನೆರವು

ವೃಷಣ ಕ್ಯಾನ್ಸರ್ ಹೆಚ್ಚಾಗಿ 15ರಿಂದ 40 ವರ್ಷದೊಳಗಿನ ಪುರುಷರಲ್ಲಿ ಕಂಡುಬರುತ್ತದೆ. ನೋವಿಲ್ಲದ ಗಡ್ಡೆ ಇದರ ಸಾಮಾನ್ಯ ಲಕ್ಷಣವಾಗಿದೆ. ಸಂಕೋಚದಿಂದ ತಡಮಾಡದೆ ಚಿಕಿತ್ಸೆ ಪಡೆದಲ್ಲಿ ಆರಂಭಿಕ ಹಂತದ ಬಹುತೇಕ ಎಲ್ಲ ರೋಗಿಗಳೂ ಗುಣಮುಖರಾಗುತ್ತಾರೆ.

ಕೀಮೋಥೆರಪಿ ಯಾರಿಗೆ ಅಗತ್ಯ?

ತೊಡೆಸಂದಿನ ಮೂಲಕ ವೃಷಣವನ್ನು ತೆಗೆದ ನಂತರ ಸಿ.ಟಿ. ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆಗಳು ಸಹಜವಾಗಿದ್ದಲ್ಲಿ ರೋಗವನ್ನು ಮೊದಲನೇ ಹಂತವೆಂದು ಪರಿಗಣಿಸಲಾಗುತ್ತದೆ. ಈ ಹಂತದಲ್ಲಿ ಎಲ್ಲರಿಗೂ ಕೀಮೋಥೆರಪಿ ಕಡ್ಡಾಯವಲ್ಲ.

1. ಸೆಮಿನೋಮಾ ವಿಧ: ಕೇವಲ ನಿಗಾದಲ್ಲಿರುವ 100 ಜನರ ಪೈಕಿ ಸುಮಾರು 15ರಿಂದ 20 ಜನರಲ್ಲಿ ರೋಗ ಮರುಕಳಿಸುತ್ತದೆ. ಕಾರ್ಬೋಪ್ಲಾಟಿನ್ ಔಷಧವನ್ನು ಒಮ್ಮೆ ನೀಡಿದಲ್ಲಿ ಈ ಸಂಖ್ಯೆ ಸುಮಾರು 5ಕ್ಕೆ ಇಳಿಯುತ್ತದೆ.

2. ಸೆಮಿನೋಮಾ ಅಲ್ಲದ ವಿಧ: ಗಡ್ಡೆಯು ರಕ್ತನಾಳಗಳನ್ನು ಪ್ರವೇಶಿಸಿದ್ದಲ್ಲಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮರುಕಳಿಸುತ್ತದೆ. ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಔಷಧಗಳ 21 ದಿನಗಳ ಒಂದು ಸುತ್ತು ಈ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ನಿಗಾದಲ್ಲಿದ್ದಾಗ ಮರುಕಳಿಸಿದರೂ ಗುಣವಾಗುವ ಸಾಧ್ಯತೆ ಹೆಚ್ಚು. ಆದರೆ ಆಗ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸುತ್ತು ಬೇಕಾಗುತ್ತದೆ. ನಿಗಾಕ್ಕೆ ಹಲವು ವರ್ಷ ತಪ್ಪದೆ ತಪಾಸಣೆಗೆ ಹೋಗಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ದೂರವಿದೆ. ವಾನಳ್ಳಿಯಂತಹ ಘಟ್ಟದ ಗ್ರಾಮಗಳ ರೋಗಿಗಳು ಮಳೆಗಾಲದ ಪ್ರಯಾಣದ ತೊಂದರೆಯನ್ನು ವೈದ್ಯರಿಗೆ ತಿಳಿಸಿಯೇ ನಿರ್ಧರಿಸುವುದು ಸೂಕ್ತ.

ಗಮನಿಸಬೇಕಾದ ಅಂಶಗಳು

• ಮುಂದೆ ಮಕ್ಕಳನ್ನು ಬಯಸುವವರು ಕೀಮೋಥೆರಪಿಗೆ ಮೊದಲೇ ವೀರ್ಯ ಸಂಗ್ರಹಣೆಯ ಬಗ್ಗೆ ವಿಚಾರಿಸಬೇಕು.
• ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಹಾನಿ ಮಾಡಬಹುದಾದ್ದರಿಂದ ಧೂಮಪಾನ ತ್ಯಜಿಸಬೇಕು.
• ಚಿಕಿತ್ಸೆಯ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಲ್ಲಿ ಮನೆಯಲ್ಲಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಿದ್ದಾಪುರ ಭಾಗದಲ್ಲಿ ಮಂಗನ ಕಾಯಿಲೆಯ ಜ್ವರವೂ ಕಂಡುಬರುವುದರಿಂದ, ಕೀಮೋಥೆರಪಿ ಪಡೆದಿರುವ ವಿಷಯವನ್ನು ಮೊದಲು ತಿಳಿಸಬೇಕು.

ಆರ್ಥಿಕ ನೆರವು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ ರೂ. 1.5 ಲಕ್ಷದ ಮಿತಿಯಲ್ಲಿ ದೊರೆಯುತ್ತದೆ.

ಆಧಾರ್, ಪಡಿತರ ಚೀಟಿ ಹಾಗೂ ವೈದ್ಯಕೀಯ ವರದಿಗಳೊಂದಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಅಥವಾ ಇತರ ನೋಂದಾಯಿತ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬೇಕು. ಶಸ್ತ್ರಚಿಕಿತ್ಸೆಯ ಅಂಗಾಂಶ ಪರೀಕ್ಷಾ ವರದಿಯನ್ನು ತಪ್ಪದೆ ಜೊತೆಗೆ ಒಯ್ಯಬೇಕು. ಮುಂದಿನ ಚಿಕಿತ್ಸೆ ಅದನ್ನೇ ಅವಲಂಬಿಸಿರುತ್ತದೆ. ಯೋಜನೆಯ ಮಾಹಿತಿಗೆ 14555 ಸಂಖ್ಯೆಗೆ ಕರೆ ಮಾಡಬಹುದು.