ಗ್ರೂಪಿಗೆ ಸೇರಿಸ್ರಿ ಅಂದ್ರ ಫೋನ್ ಒಪ್ಪವಲ್ದು!

ಪಿ.ಪಿ. ನಂಬರ್ ನೆನಪಿದೆಯೇ? ಓಣಿಗೊಂದು ಟೆಲಿಫೋನ್ ಇದ್ದ ಕಾಲದಲ್ಲಿ ವ್ಯಾಪಾರಸ್ಥರು ಬಿಲ್ ಪುಸ್ತಕದ ಮೇಲೆ ನೆರೆಯವರ ನಂಬರನ್ನೇ ಅಚ್ಚು ಹಾಕಿಸಿ, ಮುಂದೆ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ಫೋನ್ ಬಂದರೆ ಆ ಮನೆಯ ಹುಡುಗ ಓಡಿಬಂದು “ಕಾಕಾ, ನಿಮಗ ಫೋನ್ ಬಂದೈತ್ರಿ” ಎಂದು ಕೂಗಬೇಕು. ಆ ಪದ್ಧತಿ ಸತ್ತುಹೋಯಿತು ಎಂದುಕೊಂಡವರು ಕ್ಯಾಂಪಿನ ಅಂಗಡಿ ಸಾಲಿನಲ್ಲಿ ಒಮ್ಮೆ ಅಡ್ಡಾಡಿ ಬರಲಿ. ವಾಟ್ಸಾಪ್ ಗ್ರೂಪಿನ ವೇಷದಲ್ಲಿ ಅದು ಮತ್ತೆ ಹುಟ್ಟಿದೆ.

ಸಂಗತಿ ಇಷ್ಟೇ. ನೀರು ಬಾರದಿದ್ದರೆ, ಕರೆಂಟು ಹೋದರೆ, ಬಜಾರು ಬಂದ್ ಆದರೆ ಎಲ್ಲರಿಗೂ ಒಮ್ಮೆಲೇ ತಿಳಿಯಲಿ ಎಂದು ಅಂಗಡಿಯವರು ಗ್ರೂಪ್ ಕಟ್ಟುತ್ತಾರೆ. ಗ್ರೂಪ್ ಕಟ್ಟುವುದು ಎರಡು ನಿಮಿಷದ ಕೆಲಸ, ಎಲ್ಲರನ್ನೂ ಅದರೊಳಗೆ ತರುವುದು ಎರಡು ವಾರದ ಕೆಲಸ. ಯಾಕೆಂದರೆ ಫೋನುಗಳು ನಾನಾ ಜಾತಿಯವು. ಒಬ್ಬರದು ಮಗ ಪುಣೆಯಿಂದ ತಂದ ಐಫೋನು, ಇನ್ನೊಬ್ಬರದು ಕಂತಿನ ಮೇಲೆ ಕೊಂಡ ಆಂಡ್ರಾಯ್ಡ್, ಮತ್ತೊಬ್ಬರದು ಮಗಳು ಬಳಸಿ ಬಿಟ್ಟದ್ದು. ಮೂಲೆಯ ಹಿರಿಯರ ಕಿಸೆಯಲ್ಲಿ ಗುಂಡಿ ಒತ್ತುವ ಫೋನು.

ಐಫೋನ್, ಆಂಡ್ರಾಯ್ಡ್ ನಡುವೆ ಜಗಳವಿಲ್ಲ. ಒಂದೇ ಗ್ರೂಪಿನಲ್ಲಿ ಎರಡೂ ನಡೆಯುತ್ತವೆ. ತೊಡಕಿರುವುದು ವಯಸ್ಸಾದ ಫೋನುಗಳದು. 2025ರ ಜನವರಿಯಿಂದ ವಾಟ್ಸಾಪ್ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳನ್ನು ಕೈಬಿಟ್ಟಿತು. ಅದೇ ವರ್ಷದ ಮೇ ತಿಂಗಳಿಂದ ಐಒಎಸ್ 15.1 ಇಲ್ಲದ ಐಫೋನುಗಳಿಗೂ ಬಾಗಿಲು ಹಾಕಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಜಿಯೋಫೋನಿನವರಿಗೆ. 1500 ರೂಪಾಯಿ ಠೇವಣಿ ಇಟ್ಟು ಕೊಳ್ಳುವ ಆ ಫೋನು 2017ರಲ್ಲಿ ಬಂತು. 2018ರ ಸೆಪ್ಟೆಂಬರಿನಲ್ಲಿ ಅದಕ್ಕೆ ವಾಟ್ಸಾಪ್ ಬಂತು. ಗುಂಡಿ ಒತ್ತಿದರೂ ಗ್ರೂಪು ಸಿಕ್ಕಿತಲ್ಲ ಎಂದು ಮಂದಿ ಹಿಗ್ಗಿದರು. 2024ರ ಜೂನಿನಲ್ಲಿ ಹೊಸದಾಗಿ ಹಾಕಿಕೊಳ್ಳುವುದು ನಿಂತಿತು, 2025ರ ಆರಂಭಕ್ಕೆ ಹಾಕಿಕೊಂಡವರದೂ ನಿಂತಿತು. ಫೋನು ಗಟ್ಟಿಮುಟ್ಟಾಗಿದೆ, ಬ್ಯಾಟರಿ ಮೂರು ದಿನ ಬರುತ್ತದೆ, ಆದರೆ ಗ್ರೂಪಿಗೆ ಬೇಡವಾಯಿತು! ದೊಡ್ಡ ಕಂಪನಿಗಳ ದೃಷ್ಟಿಯಲ್ಲಿ ಇಂಥ ಗಿರಾಕಿ ಲೆಕ್ಕಕ್ಕಿಲ್ಲ. ಓಣಿಯ ಲೆಕ್ಕದಲ್ಲಿ ಅವರು ಇಪ್ಪತ್ತು ವರ್ಷದ ನೆರೆಯವರು.

ಅವರಿಗೆ ಪಕ್ಕದ ಅಂಗಡಿಯವರೇ ಪಿ.ಪಿ. ಗ್ರೂಪಿನಲ್ಲಿ ಬಂದದ್ದನ್ನು ಬಾಯಿಮಾತಿನಲ್ಲಿ ಮುಟ್ಟಿಸಬೇಕು. ಇದನ್ನು ಮೊದಲ ದಿನವೇ ಗೊತ್ತು ಮಾಡಿಕೊಂಡ ಓಣಿಯಲ್ಲಿ ತಕರಾರಿಲ್ಲ. ಗೊತ್ತು ಮಾಡಿಕೊಳ್ಳದ ಕಡೆ “ನನಗ್ಯಾರೂ ಹೇಳಲೇ ಇಲ್ಲಲ್ರಿ” ಎಂಬ ಮಾತು ತಪ್ಪಿದ್ದಲ್ಲ.

ಇನ್ನು ಭಾಷೆ. 1832ರಲ್ಲಿ ದಂಡು ಬೀಡುಬಿಟ್ಟಂದಿನಿಂದ ಕ್ಯಾಂಪ್ ಹಲವು ಭಾಷೆಗಳ ತಾಣ. ಕನ್ನಡ, ಮರಾಠಿ, ಉರ್ದು, ಹಿಂದಿ, ಕೊಂಕಣಿ ಒಂದೇ ಚಹಾದ ಅಂಗಡಿಯಲ್ಲಿ ಕೇಳಿಸುತ್ತವೆ. ಬಾಯಲ್ಲಿ ತೊಂದರೆಯಿಲ್ಲ, ಬರಹದಲ್ಲಿ ಇದೆ. ಒಬ್ಬರು ಕನ್ನಡದಲ್ಲಿ ಹೊಡೆದದ್ದನ್ನು ಇನ್ನೊಬ್ಬರು ಓದಲಾರರು, ಅವರ ಮರಾಠಿ ಮತ್ತೊಬ್ಬರಿಗೆ ಬಾರದು. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಕನ್ನಡವಂತೂ ಹೊಡೆದವರಿಗೇ ಪ್ರೀತಿ. ಇದಕ್ಕೆ ಮದ್ದು, 2013ರಲ್ಲೇ ಬಂದ ಧ್ವನಿ ಸಂದೇಶ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದರೆ ಆಯಿತು, ಓದು ಬಾರದ ಮಾವಶಿಗೂ ತಿಳಿಯುತ್ತದೆ. ಒಂದೇ ವಿನಂತಿ, ಅರ್ಧ ನಿಮಿಷ ಮೀರಬಾರದು. ಗಿರಾಕಿ ಎದುರಿಗೆ ನಿಂತಾಗ ಭಾಷಣ ಕೇಳಲು ಯಾರಿಗೂ ಪುರುಸೊತ್ತಿಲ್ಲ.

ಬಸ್ಸಿನವರ ಕಥೆ ಬೇರೆ. ಖಾನಾಪುರದಿಂದ ಬೆಳಗಾವಿಗೆ ದಿನಾ ನೌಕರಿಗೆ ಬರುವವರಿಗೆ ಬೇಕಾದ ಸುದ್ದಿ ಒಂದೇ: ಬಸ್ಸು ಎಲ್ಲಿದೆ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಕಾಲಿಡಲೂ ಜಾಗ ಕಡಿಮೆ. ಹಿಂದಿನ ಸ್ಟಾಪಿನಲ್ಲಿ ಹತ್ತಿದವರು ಗ್ರೂಪಿನಲ್ಲಿ ‘ಲೈವ್ ಲೊಕೇಶನ್’ ಹಾಕಿದರೆ ಸಾಕು. ಬಸ್ಸು ಮಚ್ಛೆ ದಾಟಿತೋ, ಪೀರನವಾಡಿಗೆ ಬಂತೋ ಎಂದು ಮುಂದಿನ ಸ್ಟಾಪಿನವರಿಗೆ ನಕ್ಷೆಯ ಮೇಲೆ ಕಾಣುತ್ತದೆ. ಹದಿನೈದು ನಿಮಿಷ, ಒಂದು ತಾಸು, ಎಂಟು ತಾಸು ಎಂದು ಮೂರು ಅವಧಿಗಳಿವೆ. ಒಂದು ತಾಸು ಸಾಕು. ಎಂಟು ತಾಸು ಇಟ್ಟರೆ ಮಧ್ಯಾಹ್ನ ಎಲ್ಲಿ ಊಟ ಮಾಡಿದಿರಿ ಎಂಬುದೂ ಗ್ರೂಪಿಗೆ ಗೊತ್ತಾಗುತ್ತದೆ! ಭೀಮಗಡದ ಕಾಡಂಚಿನ ಊರುಗಳಿಂದ ಬರುವವರಿಗೆ ಈ ಸೌಕರ್ಯವೂ ಅರ್ಧಂಬರ್ಧ, ಅಲ್ಲಿ ಸಿಗ್ನಲ್ಲೇ ಸಿಗುವುದಿಲ್ಲ.

ಹೆಣ್ಣುಮಕ್ಕಳ ಒಂದು ದೂರು ನ್ಯಾಯವಾದದ್ದು. ಗ್ರೂಪಿಗೆ ಸೇರಿದ ತಕ್ಷಣ ನಂಬರು ಎಲ್ಲ ಸದಸ್ಯರಿಗೂ ಕಾಣುತ್ತದೆ. ಹೂವು ಮಾರುವ ಅಕ್ಕನವರ ನಂಬರಿಗೆ ರಾತ್ರಿ ಹತ್ತಕ್ಕೆ ಗುರುತಿಲ್ಲದವರ ‘ಹಾಯ್’ ಬಂದರೆ ಅವರು ಗ್ರೂಪ್ ಬಿಡದೆ ಇನ್ನೇನು ಮಾಡಿಯಾರು? ಆದ್ದರಿಂದ ಕೇಳದೆ ಯಾರನ್ನೂ ಸೇರಿಸಬಾರದು. ಸೇರುವ ಲಿಂಕನ್ನು ಕೈಗೆ ಕೊಟ್ಟು, ಮನಸ್ಸಿದ್ದರೆ ಒತ್ತಿ ಎನ್ನಬೇಕು. ಸಿಕ್ಕಸಿಕ್ಕವರು ತಮ್ಮನ್ನು ಗ್ರೂಪಿಗೆ ಎಳೆಯದಂತೆ ತಡೆಯುವ ಸವಲತ್ತು 2019ರಿಂದ ಸೆಟ್ಟಿಂಗಿನ ಪ್ರೈವೆಸಿಯಲ್ಲಿದೆ, ಬಹಳ ಮಂದಿಗೆ ಗೊತ್ತಿಲ್ಲ.

ಸುಳ್ಳು ಸುದ್ದಿಯ ಮಾತು ಹಗುರವಾಗಿ ಹೇಳಿ ಬಿಡುವಂಥದ್ದಲ್ಲ. 2018ರ ಜುಲೈ 13ರಂದು ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಪುಕಾರು ನಂಬಿದ ಗುಂಪು ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಆತ ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಒಬ್ಬರೂ ಇದ್ದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಕಟ್ಟು ಹಾಕಿತು. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಸದಸ್ಯ ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಅಪರಾಧಿ ಆಗುವುದಿಲ್ಲ ಎಂದಿತು. ಹಾಗೆಂದು ಅಡ್ಮಿನ್ ಸಾಹೇಬರು ಕಣ್ಣು ಮುಚ್ಚಿ ಕೂರುವಂತಿಲ್ಲ. ಯಾರದೇ ಸಂದೇಶವನ್ನು ಅಳಿಸುವ ಅಧಿಕಾರ 2022ರಿಂದ ಅವರ ಕೈಯಲ್ಲಿದೆ. ಸೂಚನೆಗಷ್ಟೇ ಇರುವ ಗ್ರೂಪಾದರೆ ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂದು ಬೀಗ ಹಾಕಿಬಿಡುವುದು ಒಳ್ಳೆಯದು. ಗುಡ್ ಮಾರ್ನಿಂಗ್ ಗುಲಾಬಿಗಳ ಕಾಟವೂ ತಪ್ಪುತ್ತದೆ, ಸಣ್ಣ ಫೋನುಗಳ ಹೊಟ್ಟೆಯೂ ತುಂಬುವುದಿಲ್ಲ.

ಗ್ರೂಪಿಗೆ ಹೊಸದಾಗಿ ಬಂದವರನ್ನು ಮೋಸಗಾರರು ಮೊದಲು ಹುಡುಕುತ್ತಾರೆ. ವಾಟ್ಸಾಪ್ ಶುರು ಮಾಡುವಾಗ ಬರುವ ಆರು ಅಂಕಿಯ ಗುಟ್ಟಿನ ನಂಬರನ್ನು ಯಾರಿಗೂ ಹೇಳಬಾರದು, “ನಾನು ನಿಮ್ಮ ಗ್ರೂಪಿನವನೇ ರೀ” ಎಂದರೂ ಹೇಳಬಾರದು. ಹೇಳಿದರೆ ನಿಮ್ಮ ಹೆಸರಿನಲ್ಲಿ ಅವರು ಓಣಿಯವರಿಂದ ಸಾಲ ಕೇಳುತ್ತಾರೆ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದಕ್ಕೆ ಗುಂಡಿ ಫೋನೂ ನಡೆಯುತ್ತದೆ. ಜೊತೆಗೆ ‘ಎರಡು ಹಂತದ ಪರಿಶೀಲನೆ’ ಎಂಬಲ್ಲಿ ಇನ್ನೊಂದು ಆರಂಕಿಯ ಪಿನ್ ಇಟ್ಟುಕೊಳ್ಳಬೇಕು. ಅದನ್ನು ಗಲ್ಲೆಯ ಮೇಲಿನ ಕ್ಯಾಲೆಂಡರಿನಲ್ಲಿ ಮಾತ್ರ ಬರೆದಿಡಬೇಡಿ!