ಹೆಬ್ಬೆರಳು ಎತ್ತಿದರೆ ಒಪ್ಪಿಗೆಯೇ?

ಒಂದು ಪ್ರೌಢಶಾಲೆಯ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪನ್ನು ಊಹಿಸಿಕೊಳ್ಳಿ. ಮುಖ್ಯೋಪಾಧ್ಯಾಯರು ಹೀಗೆ ಬರೆಯುತ್ತಾರೆ: "ಶನಿವಾರ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನ. ಮಕ್ಕಳನ್ನು ಕರೆದುಕೊಂಡು ಹೋಗಲು ಇಬ್ಬರು ಬೇಕು. ಬೆಳಿಗ್ಗೆ 8ಕ್ಕೆ ಬಸ್ ನಿಲ್ದಾಣಕ್ಕೆ ಬನ್ನಿ." ಹತ್ತು ನಿಮಿಷದೊಳಗೆ ಆ ಸಂದೇಶದ ಕೆಳಗೆ ಎಂಟು ಹೆಬ್ಬೆರಳುಗಳು ಮೂಡುತ್ತವೆ. ಶನಿವಾರ ಬೆಳಿಗ್ಗೆ ಮಕ್ಕಳು ತಾವು ಮಾಡಿದ ಮಾದರಿಗಳನ್ನು ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿದ್ದಾರೆ. ಶಿಕ್ಷಕರು ಒಬ್ಬರೂ ಇಲ್ಲ!

ಆ ಎಂಟು ಮಂದಿಯಲ್ಲಿ ಯಾರೂ ಸುಳ್ಳು ಹೇಳಿಲ್ಲ. ಕೆಲವರ ಹೆಬ್ಬೆರಳಿಗೆ 'ನೋಡಿದೆ' ಎಂದರ್ಥ. ಕೆಲವರದಕ್ಕೆ 'ಒಳ್ಳೆಯ ಸುದ್ದಿ' ಎಂದು. ಉಳಿದವರದಕ್ಕೆ 'ಯಾರಾದರೂ ಹೋಗಲಿ, ನನ್ನ ಅಭ್ಯಂತರವಿಲ್ಲ' ಎಂದು. ಮುಖ್ಯೋಪಾಧ್ಯಾಯರು ಮಾತ್ರ ಅದನ್ನು 'ನಾನು ಬರುತ್ತೇನೆ' ಎಂದು ಓದಿಕೊಂಡರು. ಇದೇ ಮಾತು ಶಿಕ್ಷಕರ ಕೊಠಡಿಯಲ್ಲಿ ನಡೆದಿದ್ದರೆ? ಯಾರು ತಲೆಯಾಡಿಸಿದರು, ಯಾರು ಕಿಟಕಿಯ ಕಡೆ ನೋಡಿದರು ಎಂಬುದರಿಂದಲೇ ಅವರಿಗೆ ವಿಷಯ ತಿಳಿಯುತ್ತಿತ್ತು. ಮುಖ, ಕೈ ಮತ್ತು ದನಿ ಮಾತಿನ ಅರ್ಥದಲ್ಲಿ ಎಷ್ಟು ಪಾಲು ಹೊರುತ್ತವೆ ಎಂಬುದನ್ನು ಅರಿಯಲು ನಮ್ಮ ನಾಡಿನದೇ ಒಂದು ಊರಿನತ್ತ ನೋಡೋಣ.

ಅಲೀಪುರದ ಪಾಠ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರ ಎಂಬ ಊರಿದೆ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ತೀವ್ರ ಶ್ರವಣದೋಷವಿರುವುದು ಸಾಮಾನ್ಯ. ಅಲೀಪುರದಲ್ಲಿ ಈ ಪ್ರಮಾಣ ಬಹಳ ಹೆಚ್ಚು. ನೂರಕ್ಕೂ ಹೆಚ್ಚು ಮಂದಿ ಕಿವುಡರು ಇದ್ದಾರೆ. ತಲೆಮಾರುಗಳಿಂದ ಸಂಬಂಧದೊಳಗೇ ಮದುವೆಗಳು ನಡೆದು ಬಂದಿರುವುದರಿಂದ ಕಿವುಡಿಗೆ ಕಾರಣವಾಗುವ ಅಪ್ರಬಲ ಜೀನ್ ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಇಲ್ಲಿ ಅಧಿಕ.

ಈ ಊರಿನಲ್ಲಿ ಒಂದು ಸನ್ನೆಭಾಷೆ ತಾನಾಗಿಯೇ ಬೆಳೆದಿದೆ. ಅದು ಭಾರತೀಯ ಸನ್ನೆಭಾಷೆಯಲ್ಲ. ಅದನ್ನು ಯಾವ ಶಾಲೆಯೂ ರೂಪಿಸಲಿಲ್ಲ. ಕಿವುಡರು ಮಾತ್ರವಲ್ಲ, ಅವರ ಮನೆಯವರು, ನೆರೆಯವರು, ಕಿವಿ ಕೇಳುವ ಇತರರೂ ಅದನ್ನು ಬಲ್ಲರು. ಭಾಷಾವಿಜ್ಞಾನಿ ಸಿಬಾಜಿ ಪಾಂಡಾ ಇದನ್ನು ಅಧ್ಯಯನ ಮಾಡಿ 2012ರಲ್ಲಿ ವಿವರ ಪ್ರಕಟಿಸಿದರು. ಇಂಥವನ್ನು 'ಗ್ರಾಮ ಸನ್ನೆಭಾಷೆ' ಎಂದು ಕರೆಯುತ್ತಾರೆ.

ಸನ್ನೆಭಾಷೆಯಲ್ಲಿ ಮುಖಭಾವ ಕೇವಲ ಅಲಂಕಾರವಲ್ಲ, ವ್ಯಾಕರಣದ ಭಾಗ. ಹಲವು ಸನ್ನೆಭಾಷೆಗಳಲ್ಲಿ ಕೈಯ ಸನ್ನೆ ಬದಲಾಗದೆ ಹುಬ್ಬು ಮೇಲೇರಿದರೆ ಸಾಕು, ಹೇಳಿಕೆ ಪ್ರಶ್ನೆಯಾಗುತ್ತದೆ. ನೋಡುವವರಿಗೆ ಅದು ತಿಳಿಯುವುದು ಹೇಗೆ? ಆ ಸಮುದಾಯ ಅದಕ್ಕೆ ಆ ಅರ್ಥವನ್ನು ಒಪ್ಪಿಕೊಂಡಿದೆ, ದಿನವೂ ಬಳಸುತ್ತದೆ. ಸನ್ನೆಗೆ ಅರ್ಥ ಬರುವುದು ಅದರ ಆಕಾರದಿಂದಷ್ಟೇ ಅಲ್ಲ, ಬಳಸುವವರ ಒಪ್ಪಂದದಿಂದ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮೊಬೈಲಿನ ಹೆಬ್ಬೆರಳಿಗೆ ಹಿಂತಿರುಗೋಣ.

ಪಾದರಸದ ತಮಾಷೆ

ಬರಹದಲ್ಲಿ ಮುಖ ಕಾಣದಿರುವುದು ತೊಡಕೆಂದು ಗಣಕ ಬಳಸುವವರಿಗೆ ಬೇಗನೆ ಗೊತ್ತಾಯಿತು. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕಜಾಲದಲ್ಲಿ ಒಂದು ಪ್ರಶ್ನೆಯ ಚರ್ಚೆ ನಡೆದಿತ್ತು: ಹಗ್ಗ ಕಡಿದು ಬೀಳುತ್ತಿರುವ ಲಿಫ್ಟಿನಲ್ಲಿ ಉರಿಯುವ ಮೇಣದ ಬತ್ತಿ ಏನಾಗುತ್ತದೆ? ಪಾದರಸದ ಹನಿ ಏನಾಗುತ್ತದೆ? ಒಬ್ಬರು ತಮಾಷೆಗೆ, 'ಭೌತವಿಜ್ಞಾನದ ಪ್ರಯೋಗದಿಂದ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಎಚ್ಚರಿಕೆ' ಎಂಬರ್ಥದ ಸೂಚನೆ ಹಾಕಿದರು. ಕೆಲವರು ಅದನ್ನು ನಿಜವೆಂದೇ ನಂಬಿದರು!

ತಮಾಷೆಗೆ ಗುರುತು ಬೇಕೆಂಬ ಮಾತು ಅಲ್ಲಿಂದ ಹುಟ್ಟಿತು. ಸೆಪ್ಟೆಂಬರ್ 19ರಂದು ಗಣಕ ವಿಜ್ಞಾನಿ ಸ್ಕಾಟ್ ಫಾಲ್ಮನ್, ತಮಾಷೆಯ ಬರಹಕ್ಕೆ :-) ಎಂದೂ ತಮಾಷೆಯಲ್ಲದ್ದಕ್ಕೆ :-( ಎಂದೂ ಸೇರಿಸೋಣ ಎಂದು ಸೂಚಿಸಿದರು. ತಲೆ ವಾರೆ ಮಾಡಿ ನೋಡಿದರೆ ಮುಖ ಕಾಣುತ್ತದೆ.

1990ರ ದಶಕದ ಕೊನೆಗೆ ಜಪಾನಿನ ಮೊಬೈಲ್ ಕಂಪನಿಗಳು ಪುಟ್ಟ ಚಿತ್ರಗಳನ್ನೇ ತಂದವು. 1999ರಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿಗಾಗಿ ಶಿಗೆತಾಕಾ ಕುರಿತಾ ರೂಪಿಸಿದ 176 ಚಿತ್ರಗಳು ಹೆಸರಾದವು. ಒಂದೊಂದೂ ಅಡ್ಡಕ್ಕೆ 12, ಉದ್ದಕ್ಕೆ 12 ಚುಕ್ಕೆಗಳ ಚೌಕ. ಜಪಾನಿ ಭಾಷೆಯಲ್ಲಿ 'ಎ' ಎಂದರೆ ಚಿತ್ರ, 'ಮೊಜಿ' ಎಂದರೆ ಅಕ್ಷರ. ಎಮೋಜಿ ಎಂದರೆ ಚಿತ್ರಾಕ್ಷರ. ಇಂಗ್ಲಿಷಿನ 'ಎಮೋಷನ್' ಪದಕ್ಕೂ ಇದಕ್ಕೂ ಸಂಬಂಧವಿಲ್ಲ.

ಚಿತ್ರವಲ್ಲ, ಸಂಖ್ಯೆ

ನಾವು ಹೆಬ್ಬೆರಳನ್ನು ಕಳುಹಿಸಿದಾಗ ಸಾಮಾನ್ಯವಾಗಿ ಚಿತ್ರ ಪ್ರಯಾಣ ಮಾಡುವುದಿಲ್ಲ, ಸಂಖ್ಯೆ ಪ್ರಯಾಣ ಮಾಡುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ನೀಡುವ ವ್ಯವಸ್ಥೆಯೇ ಯೂನಿಕೋಡ್. ಅದರಲ್ಲಿ ನಮ್ಮ 'ಕ' ಅಕ್ಷರದ ಸಂಖ್ಯೆ 3221. ಎಮೋಜಿಗಳು ದೊಡ್ಡ ಪ್ರಮಾಣದಲ್ಲಿ ಯೂನಿಕೋಡ್ ಸೇರಿದ್ದು 2010ರಲ್ಲಿ. ಹೆಬ್ಬೆರಳಿನ ಸಂಖ್ಯೆ 128077, ಮುಗಿದ ಕೈಗಳ ಸಂಖ್ಯೆ 128591.

ಸಂಖ್ಯೆ ತಲುಪಿದ ಮೇಲೆ ಚಿತ್ರ ಬಿಡಿಸುವ ಕೆಲಸ ಅಲ್ಲಿನ ತಂತ್ರಾಂಶದ್ದು. ಒಂದೊಂದು ಕಂಪನಿಯದೂ ಒಂದೊಂದು ಶೈಲಿ. ಹೀಗಾಗಿ ನೀವು ಕಳುಹಿಸಿದ ಮುಖವನ್ನೇ ಎದುರಿನವರು ನೋಡುತ್ತಾರೆಂಬ ಭರವಸೆಯಿಲ್ಲ. ಅದೇ ಚಿತ್ರವನ್ನು ನೋಡಿದರೂ ಅರ್ಥ ಒಂದೇ ಆಗಬೇಕಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಚಿತ್ರವನ್ನು ನೋಡಿದವರಿಗೂ ಅದು ಸಂತೋಷದ್ದೋ, ಬೇಸರದ್ದೋ, ಎರಡೂ ಅಲ್ಲವೋ ಎಂಬುದರಲ್ಲಿ ನೂರಕ್ಕೆ 25ರಷ್ಟು ಬಾರಿ ಒಮ್ಮತವಿರಲಿಲ್ಲ.

ನಮ್ಮ ಅನುಭವವೂ ಇದೇ ಅಲ್ಲವೇ? ಮುಗಿದ ಕೈಗಳು ನಮಗೆ ನಮಸ್ಕಾರ, ಕೃತಜ್ಞತೆ, ಶ್ರದ್ಧಾಂಜಲಿ; ಕೆಲವೊಮ್ಮೆ 'ಸಾಕು ಮಾರಾಯ, ಬಿಟ್ಟುಬಿಡು' ಕೂಡ. ಕಣ್ಣೀರು ಬರುವಷ್ಟು ನಗುವ ಮುಖವನ್ನು ಅಳುವ ಮುಖವೆಂದು ತಿಳಿದು ಸಾವಿನ ಸುದ್ದಿಯ ಕೆಳಗೆ ಹಾಕಿದವರೂ ಇದ್ದಾರೆ.

ಸಂದೇಶಕ್ಕೆ ಅಂಟಿದ ಗುರುತು

ಕಚೇರಿ ತಂಡಗಳು ಬಳಸುವ ಸ್ಲ್ಯಾಕ್ 2015ರಲ್ಲಿ ಇನ್ನೊಂದು ಸೌಲಭ್ಯ ತಂದಿತು. ಎಮೋಜಿಯನ್ನು ಹೊಸ ಸಂದೇಶವಾಗಿ ಕಳುಹಿಸದೆ, ಬಂದ ಸಂದೇಶದ ಕೆಳಗೇ ಪ್ರತಿಕ್ರಿಯೆಯಾಗಿ ಅಂಟಿಸಬಹುದು. ವಾಟ್ಸ್‌ಆ್ಯಪ್‌ಗೆ ಇದು ಬಂದದ್ದು 2022ರಲ್ಲಿ. ಇದರ ಲಾಭ ಸ್ಪಷ್ಟ. ಮೂವತ್ತು ಮಂದಿ 'ಆಯ್ತು ಸರ್' ಎಂದು ಬರೆದರೆ ಮುಖ್ಯ ಸೂಚನೆ ಎಲ್ಲೋ ಮೇಲೆ ಮರೆಯಾಗುತ್ತದೆ. ಪ್ರತಿಕ್ರಿಯೆಯಾದರೆ ಒಂದು ಗುರುತು, ಪಕ್ಕದಲ್ಲಿ 30 ಎಂಬ ಎಣಿಕೆ, ಅಷ್ಟೇ.

ಆದರೆ ಎಣಿಕೆ ಸುಲಭವಾದಷ್ಟೂ ಅರ್ಥ ತೆಳುವಾಗುತ್ತದೆ. ಬೆರಳು ಒತ್ತಲು ಒಂದು ಕ್ಷಣ ಸಾಕು, ಪೂರ್ತಿ ಓದಿರಲೇಬೇಕೆಂದೂ ಇಲ್ಲ. ಈ ತೆಳುವಾದ ಅರ್ಥವೇ ನ್ಯಾಯಾಲಯದವರೆಗೆ ಹೋದದ್ದುಂಟು.

ಒಂದು ಹೆಬ್ಬೆರಳು, ಎರಡು ತೀರ್ಪು

2018ರಲ್ಲಿ ಮೇಘಾಲಯದಲ್ಲಿ ರೈಲ್ವೆ ಸಂರಕ್ಷಣಾ ಪಡೆಯ ಅಧಿಕಾರಿಯೊಬ್ಬರನ್ನು ಅದೇ ಪಡೆಯ ಪೇದೆಯೊಬ್ಬ ಕೊಂದ. ಆ ಸುದ್ದಿ ಪಡೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಬೇರೊಬ್ಬ ಪೇದೆ ಹೆಬ್ಬೆರಳು ಹಾಕಿದರು. ಕೊಲೆಯನ್ನು ಮೆಚ್ಚಿದಂತಾಯಿತೆಂದು ಇಲಾಖೆ ಅವರನ್ನು ಕೆಲಸದಿಂದ ತೆಗೆಯಿತು. ವ್ಯಾಜ್ಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಹೆಬ್ಬೆರಳನ್ನು 'ಸರಿ' ಎಂಬುದಕ್ಕೆ ಬದಲಾಗಿ ಬಳಸುವುದುಂಟು, ಸಂದೇಶ ನೋಡಿದ್ದೇನೆ ಎಂದಷ್ಟೇ ಅದರ ಅರ್ಥ, ಕೊಲೆಯ ಸಂಭ್ರಮವಲ್ಲ ಎಂದು ಮದುರೈ ಪೀಠ 2024ರ ಮಾರ್ಚ್‌ನಲ್ಲಿ ಹೇಳಿತು. ಅವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂಬ ಆದೇಶ ಉಳಿಯಿತು.

ಕೆನಡಾದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 2021ರಲ್ಲಿ ಧಾನ್ಯ ಖರೀದಿದಾರರೊಬ್ಬರು ಅಗಸೆ ಬೀಜದ ಕರಾರಿನ ಚಿತ್ರ ಕಳುಹಿಸಿ ದೃಢಪಡಿಸಿ ಎಂದರು. ರೈತ ಹೆಬ್ಬೆರಳು ಕಳುಹಿಸಿದ. ಅಗಸೆ ಬರಲಿಲ್ಲ. 'ಕರಾರು ತಲುಪಿತು ಎಂದಷ್ಟೇ ನನ್ನ ಅರ್ಥ' ಎಂದು ಆತ ವಾದಿಸಿದ. ಹಿಂದೆಯೂ ಇಂಥದೇ ಚುಟುಕು ಉತ್ತರಗಳ ಮೇಲೆ ಅವರ ವ್ಯವಹಾರ ನಡೆದಿತ್ತು ಎಂಬುದನ್ನು ಗಮನಿಸಿದ ನ್ಯಾಯಾಲಯ, ಹೆಬ್ಬೆರಳನ್ನು ಸಹಿಗೆ ಸಮನೆಂದು 2023ರಲ್ಲಿ ತೀರ್ಮಾನಿಸಿತು. ರೈತ 82,000 ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕಾಯಿತು. ಮೇಲ್ಮನವಿ ನ್ಯಾಯಾಲಯವೂ 2024ರಲ್ಲಿ ಇದನ್ನು ಎತ್ತಿಹಿಡಿಯಿತು.

ಒಂದೆಡೆ 'ನೋಡಿದೆ', ಇನ್ನೊಂದೆಡೆ 'ಒಪ್ಪಿದೆ'. ಎರಡೂ ಕಡೆ 128077 ಎಂಬ ಅದೇ ಸಂಖ್ಯೆ! ನ್ಯಾಯಾಧೀಶರು ಹುಡುಕಿದ್ದು ಚಿತ್ರದಲ್ಲಿ ಅಡಗಿದ ಅರ್ಥವನ್ನಲ್ಲ, ಜನರ ನಡುವೆ ಅದು ಹೇಗೆ ಬಳಕೆಯಲ್ಲಿತ್ತು ಎಂಬುದನ್ನು.

ಮೊದಲೇ ಮಾತಾಡಿಕೊಳ್ಳಿ

ಎಮೋಜಿಯನ್ನು 'ಮೊಬೈಲಿನ ಸನ್ನೆಭಾಷೆ' ಎಂದು ಕರೆಯುವುದುಂಟು. ಅದು ಸರಿಯಲ್ಲ. ಅಲೀಪುರದ ಸನ್ನೆಗಳ ಹಿಂದೆ ಒಂದು ಊರಿನ ತಲೆಮಾರುಗಳ ಬಳಕೆಯಿದೆ, ವ್ಯಾಕರಣವಿದೆ. ನಮ್ಮ ಗುಂಪಿನ ಹೆಬ್ಬೆರಳಿಗೆ ಅದಿಲ್ಲ. ಆದ್ದರಿಂದ ಅರ್ಥವನ್ನು ನಾವೇ ಗೊತ್ತುಮಾಡಿಕೊಳ್ಳಬೇಕು. ಅನೇಕ ತಂತ್ರಾಂಶ ತಂಡಗಳಲ್ಲಿ ಕಣ್ಣುಗಳ ಚಿತ್ರ ಹಾಕಿದರೆ 'ಈ ಕೆಲಸವನ್ನು ನಾನು ನೋಡುತ್ತಿದ್ದೇನೆ' ಎಂದೂ ಸರಿ ಗುರುತು ಹಾಕಿದರೆ 'ಮುಗಿಯಿತು' ಎಂದೂ ರೂಢಿಯಿದೆ. ಶಾಲೆಯ ಗುಂಪಿನಲ್ಲಿಯೂ 'ಹೆಬ್ಬೆರಳು ಎಂದರೆ ಓದಿದ್ದೇನೆ, ಅಷ್ಟೇ' ಎಂದು ಒಂದು ಸಭೆಯಲ್ಲಿ ನಿರ್ಧರಿಸಬಹುದು.

ಇನ್ನೂ ಎರಡು ಎಚ್ಚರಿಕೆಗಳು. ಹೊಣೆ ಹೊರುವುದು, ದಿನಾಂಕ, ಹಣ, ಸಂತಾಪ ಇವನ್ನು ಅಕ್ಷರದಲ್ಲಿಯೇ ಬರೆಯಬೇಕು. ದೃಷ್ಟಿದೋಷವುಳ್ಳ ಸಹೋದ್ಯೋಗಿಗಳ ಮೊಬೈಲು ಪ್ರತಿ ಎಮೋಜಿಯ ಹೆಸರನ್ನೂ ಗಟ್ಟಿಯಾಗಿ ಓದುತ್ತದೆ. ಒಂದೇ ಚಿತ್ರವನ್ನು ಹತ್ತು ಸಲ ಹಾಕಿದರೆ ಅವರು ಹತ್ತು ಸಲ ಕೇಳಬೇಕಾಗಬಹುದು.

ತರಗತಿಯಲ್ಲಿ ಮಾಡಿ ನೋಡಿ

ಐದು ಎಮೋಜಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಪಕ್ಕದವರನ್ನು ಕೇಳದೆ ಒಂದೊಂದಕ್ಕೆ ಒಂದೇ ಪದದಲ್ಲಿ ಅರ್ಥ ಬರೆಯಲಿ. ಉತ್ತರಗಳನ್ನು ಸ್ತಂಭಾಲೇಖದಲ್ಲಿ ತೋರಿಸಿ. ಅನಂತರ ತರಗತಿಯೇ ಚರ್ಚಿಸಿ ಪ್ರತಿಯೊಂದಕ್ಕೂ ಒಂದು ಅರ್ಥ ನಿಗದಿ ಮಾಡಲಿ. ಒಂದು ವಾರ ಬಿಟ್ಟು ಪ್ರಯೋಗವನ್ನು ಮತ್ತೆ ಮಾಡಿ, ಎರಡು ಆಲೇಖಗಳನ್ನು ಹೋಲಿಸಿ. ಒಪ್ಪಂದದಿಂದ ಗೊಂದಲ ಎಷ್ಟು ತಗ್ಗಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಮುಂದಿನ ವಸ್ತುಪ್ರದರ್ಶನದ ಸೂಚನೆಯ ಕೆಳಗೆ ಹೆಬ್ಬೆರಳುಗಳು ಎಷ್ಟಾದರೂ ಇರಲಿ, 'ನಾನು ಬರುತ್ತೇನೆ' ಎಂದು ಅಕ್ಷರದಲ್ಲಿ ಬರೆದ ಎರಡು ಹೆಸರುಗಳಿರಲಿ. ಬಸ್ ನಿಲ್ದಾಣದಲ್ಲಿ ನಿಂತ ಮಕ್ಕಳಿಗೆ ಬೇಕಾಗಿರುವುದು ಆ ಎರಡು ಹೆಸರುಗಳೇ.